ಬ್ಯಾಟರಿ ಉಳಿಸಲು ಹೋಗಿ ಸೀರೆ ಬೆಳ್ಳಗಾದದ್ದು

ಮೊಳಕಾಲ್ಮೂರಿನಲ್ಲಿ ಕರೆಂಟು ಹೋಗುವುದು ನನ್ನ ತಪ್ಪಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಒಂದು ಗಂಟೆಯೂ ತಡೆಯದಿರುವುದೂ ನನ್ನ ತಪ್ಪಲ್ಲ. ಆದರೂ ಬೈಸಿಕೊಳ್ಳುವವನು ನಾನು! ನಮ್ಮ ಮನೆಯಲ್ಲಿ ಹೆಂಡತಿ ರೇಷ್ಮೆ ಸೀರೆ ನೇಯುತ್ತಾಳೆ, ಅದರ ಡಿಸೈನು, ಬಣ್ಣ ಎಲ್ಲವನ್ನೂ ನಾನು ಲ್ಯಾಪ್‌ಟಾಪಿನಲ್ಲಿ ಕೂಡಿಸುತ್ತೇನೆ. ಕೊನೆಗೆ ರೋಸಿಹೋಗಿ, ಮೊಬೈಲಿನಲ್ಲಿ ವಿಡಿಯೋ ನೋಡಿ, ಬ್ಯಾಟರಿ ಉಳಿಸುವ ವಿದ್ಯೆಯನ್ನು ಸಾಂಗವಾಗಿ ಕಲಿತೆ. ವೈಫೈ ಬಂದ್. ಸೌಂಡು ಬಂದ್. ಪರದೆಯ ಬೆಳಕನ್ನು ಅಮಾವಾಸ್ಯೆಯ ಹತ್ತಿರಕ್ಕೆ ಇಳಿಸಿದೆ. ಬ್ಯಾಟರಿ ಮಧ್ಯಾಹ್ನದವರೆಗೂ ಬಂತು! ಬೀದಿಗೆಲ್ಲ ಹೇಳಿಕೊಂಡು ಬಂದೆ.

ಆ ವಾರವೇ ಚಳ್ಳಕೆರೆಯಿಂದ ರತ್ನಮ್ಮನವರು ಮಗಳ ನಿಶ್ಚಿತಾರ್ಥದ ಸೀರೆಗೆ ಬಣ್ಣ ಆರಿಸಲು ಬಂದರು. ಹುಡುಗನ ಅವ್ವ ಗುಲಾಬಿಯೇ ಬೇಕು ಎಂದಿದ್ದರಂತೆ. ಇವರು ಕೂತರು, ಕರೆಂಟು ಎದ್ದು ಹೋಯಿತು. ನಾನು ಗಂಭೀರವಾಗಿ ಲ್ಯಾಪ್‌ಟಾಪ್ ತೆರೆದು ಗುಲಾಬಿ ಸೀರೆ ತೋರಿಸಿದೆ.

"ಇದೇನ್ರಿ, ಬದ್ನೆಕಾಯಿ ಬಣ್ಣ ಐತಲ್ಲ? ಸ್ವಲ್ಪ ಬೆಳಕು ಜಾಸ್ತಿ ಮಾಡ್ರಿ."

"ಬೆಳಕು ಬ್ಯಾಟರಿ ತಿನ್ನುತ್ತೆ ಕಣಮ್ಮ. ಬಣ್ಣಾನೇ ತಿಳಿ ಮಾಡ್ತೀನಿ ಬಿಡ್ರಿ."

ತಿಳಿ ಮಾಡಿದೆ. "ಇನ್ನೂ ಕಪ್ಪೈತೆ" ಎಂದರು. ಮತ್ತೆ ತಿಳಿ ಮಾಡಿದೆ. "ಇನ್ನೊಂಚೂರು..." ಕೊನೆಗೊಮ್ಮೆ ಅವರ ಮುಖ ಅರಳಿತು. "ಹಾಂ! ಇದೇ ನೋಡ್ರಿ ಗುಲಾಬಿ!" ಆ ಬಣ್ಣವನ್ನು ಹಾಗೇ ನೂಲಿಗೆ ಬಣ್ಣ ಹಾಕುವವರಿಗೆ ಕಳಿಸಿದೆ.

ನೂಲು ಬಂತು. ಹೆಂಡತಿ ಕಟ್ಟು ಬಿಚ್ಚಿ, "ಇದು ಗುಲಾಬಿನಾ?" ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಕಂಪ್ಯೂಟರಿನ ಮೇಲೆ ನಂಬಿಕೆಯಿಲ್ಲದವರ ಜೊತೆ ಸಂಸಾರ ಮಾಡುವುದು ಹೇಗೆ?

"ಗಿರಾಕಿ ಒಪ್ಪಿದ ಬಣ್ಣ. ನೀನು ಸುಮ್ನೆ ನೇಯಿ!" ಎಂದೆ.

ಮೊಳದುದ್ದ ನೇಯ್ದಾಗಿತ್ತು, ರತ್ನಮ್ಮ ನೋಡಲು ಬಂದರು. ಮಗ್ಗದ ಮುಂದೆ ನಿಂತು ಎದೆ ಹಿಡಿದುಕೊಂಡರು.

"ಉಂಗುರ ತೊಡೋ ದಿನ ಹುಡುಗಿಗೆ ಬಿಳೀ ಸೀರೆ ಉಡಿಸ್ಲೇನ್ರಿ? ಬೀಗರ ಮುಂದೆ ಏನಂತ ನಿಂತ್ಕಳ್ಲಿ?"

ನಾನೂ ಬಿಡಲಿಲ್ಲ. "ನೀವೇ ಒಪ್ಪಿದ್ದಮ್ಮ! ಸಾಕ್ಷಿ ತೋರಿಸ್ತೀನಿ" ಎಂದು ಲ್ಯಾಪ್‌ಟಾಪ್ ತೆರೆದೆ. ಅಂದು, ಬೇಕಿಲ್ಲದಾಗ, ಕರೆಂಟು ಇತ್ತು. ಚಾರ್ಜರ್ ಸಿಕ್ಕಿಸಿದ್ದೇ ತಡ, ನಾನು ಮಾಡಿಟ್ಟ ಉಳಿತಾಯವೆಲ್ಲ ತಾನಾಗಿ ರದ್ದಾಗಿ ಪರದೆ ಧಗ್ಗನೆ ಬೆಳಗಿತು. ಅದರಲ್ಲಿ ನನ್ನ ಗುಲಾಬಿ ಸೀರೆ, ಸುಣ್ಣ ಬಳಿದ ಗೋಡೆಯ ಹಾಗೆ! ನನ್ನ ಸ್ವಂತ ಲ್ಯಾಪ್‌ಟಾಪೇ ಗಿರಾಕಿಯ ಪರ ಸಾಕ್ಷಿ ಹೇಳಿತು.

ಹೆಂಡತಿಗೆ ಸಿಟ್ಟು ಬಂದರೆ ಕನ್ನಡ ಸಾಲದು. ತೆಲುಗಿನಲ್ಲಿ ಶುರು ಮಾಡಿದಳು. ರತ್ನಮ್ಮನವರಿಗೂ ತೆಲುಗು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ!

ಇಬ್ಬರೂ ಬೈದು ದಣಿದ ಮೇಲೆ ಹೆಂಡತಿ ಬಣ್ಣದ ನೂಲುಗಳ ಬುಟ್ಟಿ ತಂದಿಟ್ಟಳು. ರತ್ನಮ್ಮ ಒಂದು ಗುಲಾಬಿ ಎಳೆಯನ್ನು ಬಾಗಿಲ ಬಿಸಿಲಿಗೆ ಹಿಡಿದು ಆರಿಸಿದರು. ನೂಲಿಗೆ ಮತ್ತೆ ಬಣ್ಣ ಹಾಕಿಸಿ, ನಿಶ್ಚಿತಾರ್ಥದೊಳಗೆ ಸೀರೆ ಕೊಡುವುದೆಂದು ಅವರಿಬ್ಬರಲ್ಲೇ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

"ನಾನೇನು ಮಾಡ್ಲಿ?" ಎಂದೆ.

"ನೇಯ್ದಿದ್ದನ್ನೆಲ್ಲ ಕೂತು ಬಿಚ್ರಿ" ಎಂದಳು ಹೆಂಡತಿ.

ಎಳೆ ಎಳೆಯಾಗಿ ಬಿಚ್ಚುತ್ತಾ ಕೂತೆ. ಸಂಜೆಯಾಗಿ ಮನೆಯೊಳಗೆ ಮಬ್ಬಾಯಿತು. ಏನೂ ಕಾಣಿಸದು. ಲೈಟ್ ಹಾಕು ಎಂದೆ.

"ಯಾಕ್ರಿ? ಕರೆಂಟು ಉಳೀಲಿ ಬಿಡ್ರಿ!"