ಗಿಳಿಹಸಿರು ಸೀರೆಯ ಚಹಾ ಕಲೆ

ತಂಗಿ ಫೋನಿನಲ್ಲಿ ಆಡುತ್ತಿದ್ದ ಮಾತು ಕಿವಿಗೆ ಬಿದ್ದೊಡನೆ ಶ್ರೀಶೈಲಪ್ಪನ ಮೈ ಬೆವೆತಿತು.

"ನಾಳೆ ಅದೇ ಸೀನ್ ಅಲ್ವಾ? ಗಿಳಿಹಸಿರು ಸೀರೆ, ಸಾಸಿವೆ ಬಣ್ಣದ ಅಂಚು, ಸೆರಗಿನ ಮೇಲೆ ಚಹಾ ಕಲೆ. ನನ್ನ ಹತ್ರಾನೇ ಇದೆ, ಯೋಚನೆ ಮಾಡ್ಬೇಡಿ," ಎಂದು ವಿಜಯಲಕ್ಷ್ಮಿ ಬೆಂಗಳೂರಿನವರಿಗೆ ಹೇಳುತ್ತಿದ್ದಳು. ಧಾರಾವಾಹಿಯ ದೃಶ್ಯವೊಂದು ಅರ್ಧಕ್ಕೆ ನಿಂತರೆ ಉಳಿದರ್ಧಕ್ಕೂ ಅದೇ ಸೀರೆ ಬೇಕು, ಅದೇ ಕಲೆ ಬೇಕು.

ನಿನ್ನೆ ಬಸುರಿ ಮಗಳ ಕುಬಸದಲ್ಲಿ ನೆಂಟರಿಗೆ ಕೊಡುವ ಆಯೇರಿಗೆ ಒಂದು ಸೀರೆ ಕಡಿಮೆ ಬಿದ್ದಾಗ, ಟ್ರಂಕಿನ ಮೇಲಿದ್ದ ಗಿಳಿಹಸಿರು ಸೀರೆ ಎತ್ತಿ ಮಸೂತಿ ಊರಿನ ಸಿದ್ದಲಿಂಗವ್ವತ್ತೆಯ ಕೈಗಿಟ್ಟವನು ಇದೇ ಶ್ರೀಶೈಲಪ್ಪ.

ವಿಜಯಲಕ್ಷ್ಮಿ ಬಸವನ ಬಾಗೇವಾಡಿಯ ಶಾಲೆಯಲ್ಲಿ ಮೊದಲು ಬಣ್ಣ ಹಚ್ಚಿದವಳು. ಇಂಡಿ, ಸಿಂದಗಿ, ಮುದ್ದೇಬಿಹಾಳದ ನಾಟಕಗಳಲ್ಲಿ ಪಳಗಿ ಬೆಂಗಳೂರಿಗೆ ಹೋದಳು. ಅಲ್ಲಿ ಎರಡು ವರ್ಷ ಕಾಫಿ ತಟ್ಟೆ ಹಿಡಿದು ಬಂದು ಹೋಗುವ, ಒಂದೂ ಮಾತಿಲ್ಲದ ಪಾತ್ರ. ಈಗ ಆರು ವರ್ಷದಿಂದ ಧಾರಾವಾಹಿಯ ಹಿರಿಸೊಸೆ ಗಿರಿಜೆ. ಸಾವಿರದ ಆರುನೂರು ಕಂತು ದಾಟಿದೆ. ಮೈಯಲ್ಲಿ ಜ್ವರವಿದ್ದಾಗಲೂ ಅವಳಿಂದಾಗಿ ಚಿತ್ರೀಕರಣ ಒಂದು ದಿನ ನಿಂತಿಲ್ಲ. ಆ ಹೆಸರಿಗೆ ಈಗ ಸ್ವಂತ ಅಣ್ಣನಿಂದಲೇ ಮಸಿ.

ಅವಳ ಬಸ್ಸು ಸಂಜೆ ಏಳಕ್ಕೆ. ವಿಷಯ ಹೇಳುವ ಧೈರ್ಯ ಸಾಲದೆ ಶ್ರೀಶೈಲಪ್ಪ ಬೈಕು ಹೊರತೆಗೆದ. ಪಕ್ಕದ ಮನೆಯ ಗುರಪ್ಪ ಕರೆಯದೆಯೇ ಹಿಂದೆ ಹತ್ತಿ ಕೂತ.

"ಎಲ್ಲಿಗಂತ ನಾ ಕೇಳಂಗಿಲ್ರಿ ಅಣ್ಣಾರ. ದಾರ್ಯಾಗ ನೀವ ಹೇಳ್ತೀರಿ."

ಮಸೂತಿಯಲ್ಲಿ ಸಿದ್ದಲಿಂಗವ್ವ ನಕ್ಕಳು. "ಆಯೇರಿ ಸೀರಿ ಯಾರರೆ ಉಡ್ತಾರೇನೋ? ಅದು ಮುಂದಿನ ಮನಿಗೆ ಹೋಗೂದು. ಮುಂಜಾನೆ ಬಳಿ ಇಡಾಕ ಕೊಲ್ಹಾರದ ರಾಜಬಿ ಬಂದಿದ್ಲು, ಆಕಿಗೆ ಕೊಟ್ಟೆ."

"ನಮ್ಮವ್ವ ಕೊಟ್ಟ ಸೀರಿ ಹನ್ನೊಂದು ಮನಿ ತಿರುಗಿ ಮತ್ತ ನಮ್ಮವ್ವಗ ಬಂದಿತ್ತು. ಕಾಯೂಣೇನ್ರಿ?" ಎಂದ ಗುರಪ್ಪ.

ಕೊಲ್ಹಾರದಲ್ಲಿ ರಾಜಬಿ ಬಳೆ ಜೋಡಿಸುತ್ತಲೇ ಹುಬ್ಬೇರಿಸಿದಳು. "ಕೊಟ್ಟ ಸೀರಿ ಹೊಳ್ಳಿ ಕೇಳ್ತಾರೇನ್ರಿ?"

ಅದು ಗಿರಿಜೆಯ ಸೀರೆ ಎಂದು ತಿಳಿದಾಗ ಅವಳ ಮುಖ ಬದಲಾಯಿತು. "ಮೊದಲ ಹೇಳಬಾರದೇನ್ರಿ. ಆ ಹೆಣ್ಣಮಗಳು ಅತ್ತರ ನನ್ನ ಕಣ್ಣಾಗೂ ನೀರು. ಆಕಿ ಅತ್ತಿ ಎದುರು ಮಾತಾಡಿದ ದಿನ ಗಿರಾಕಿಗೆ ಡಜನ್ ಮ್ಯಾಲ ಎರಡು ಬಳಿ ಪುಕ್ಕಟ ಇಟ್ಟೇನಿ. ಒಯ್ರಿ."

ಶ್ರೀಶೈಲಪ್ಪ ಸೆರಗು ಬಿಡಿಸಿದ. "ಕಲಿ ಎಲ್ಲೈತಿ?"

"ನಾ ಬಿಚ್ಚಿದಾಗ ಕಲಿ ಇರಲಿಲ್ರಿ."

ಅತ್ತೆ ತೊಳೆದುಬಿಟ್ಟಿದ್ದಾಳೆ! ಶ್ರೀಶೈಲಪ್ಪ ಸೀದಾ ಸೇತುವೆ ಹತ್ತಿರದ ಚಹಾದಂಗಡಿಗೆ ಹೋಗಿ, ಪರೀಕ್ಷೆಯ ಉತ್ತರಪತ್ರಿಕೆಯಂತೆ ಸೆರಗನ್ನು ಮೇಜಿನ ಮೇಲೆ ಹರಡಿದ. ಕುಡಿಯಲು ಬಂದವರು ಸುತ್ತುವರಿದರು.

"ಹಾಲು ಕಡಿಮಿ ಹಾಕಸ್ರಿ, ಕಲಿ ಹಳೇದು ಕಾಣಬೇಕು," ಎಂದ ಗುರಪ್ಪ.

ಮರಳುವಾಗ ದಾರಿಯುದ್ದಕ್ಕೂ ಹಿಂದೆ ಕೂತ ಅವನು ಸೆರಗನ್ನು ಗಾಳಿಗೆ ಹಿಡಿದು ಒಣಗಿಸಿದ. ಬಾಗೇವಾಡಿ ಮುಟ್ಟಿದಾಗ ಆರೂವರೆ.

ವಿಜಯಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು. "ಇದು ನಿನ್ನ ಕಡೆ ಐತೇನಣ್ಣ? ಮುಂಜಾನಿಂದ ಹುಡುಕಾಕತ್ತೇನಿ."

"ತಗೋ ತಂಗಿ. ಕಲಿ ಸಮೇತ ಐತಿ," ಎಂದ, ಎದೆ ಹಗುರಾಗಿ.

ಅವಳು ಕಲೆಯನ್ನು ನೋಡಿದಳು, ಅಣ್ಣನನ್ನು ನೋಡಿದಳು. ಒಳಗೆ ಹೋಗಿ ಬೀಗ ಹಾಕಿದ್ದ ತನ್ನ ಬ್ಯಾಗಿನಿಂದ ಇನ್ನೊಂದು ಗಿಳಿಹಸಿರು ಸೀರೆ ತಂದಳು. ಸೆರಗಿನ ಮೇಲೆ ಚಹಾ ಕಲೆ; ಪಕ್ಕದಲ್ಲಿ ದೃಶ್ಯದ ಸಂಖ್ಯೆ ಬರೆದ ಚೀಟಿ, ಪಿನ್ನು ಹಾಕಿ.

"ನನ್ನ ಸೀರಿ ಇದು. ಬಂದಾಗಿಂದ ಹೊರಗ ತಗದಿಲ್ಲ. ನಾ ಉಟ್ಟಂಥದ್ದ ಬೇಕಂತ ಸುವರ್ಣಾ ವೈನಿ ಆಸಿ ಪಟ್ಟಿದ್ಲು. ಜೋಡಿ ಕೊಂಡು, ಆಕೀದನ್ನ ಟ್ರಂಕಿನ ಮ್ಯಾಲ ಇಟ್ಟಿದ್ದೆ. ಹೋಗೂಮುಂದ ಕೊಡೂಣಂತ."

ಅಷ್ಟರಲ್ಲಿ ಶ್ರೀಶೈಲಪ್ಪನ ಹೆಂಡತಿ ಸುವರ್ಣಾ ಅವನ ಕೈಯಿಂದ ಸೀರೆ ತೆಗೆದುಕೊಂಡು, ಸೆರಗನ್ನು ಬೆಳಕಿಗೆ ಹಿಡಿದಿದ್ದಳು.

"ಹೊಸಾ ಸೀರಿ ಮ್ಯಾಲ ಚಹಾ ಯಾರು ಚೆಲ್ಲಿದ್ರು?"

ಬೈಕಿನ ಪಕ್ಕದಿಂದ ಗುರಪ್ಪನೇ ನೆರವಿಗೆ ಬಂದ.

"ಯಾರೂ ಚೆಲ್ಲಿಲ್ರಿ ಅಕ್ಕಾರ, ನಾ ಬಾಜೂಕ ನಿಂತಿದ್ದೆ. ಮೊದಲನೇ ಕಪ್ಪು ಚಲೋ ಬೀಳಲಿಲ್ಲಂತ ಅಣ್ಣಾರು ಎರಡನೇದು ಹೊಯ್ದರು."