ಎಮ್ಮೆ ನೋಡಲು ಹೋಗಿ ತಂದ ಇಟಲಿ ಕಾರು

ನನಗೆ ಗೊತ್ತಿಲ್ಲದ ವಿಷಯ ಈ ಪ್ರಪಂಚದಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಇರಬಹುದು. ಆದರೆ ಅದು ಇನ್ನೂ ನನ್ನ ಎದುರಿಗೆ ಬಂದಿಲ್ಲ. ಮೂವತ್ತೈದು ವರ್ಷ ದನದ ದವಾಖಾನೆಯಲ್ಲಿ ಕೆಲಸ ಮಾಡಿದವನಿಗೆ ಈ ಬಗೆಯ ಧೈರ್ಯ ತಾನಾಗಿಯೇ ಬರುತ್ತದೆ. ಏಕೆಂದರೆ ನಮ್ಮ ರೋಗಿಗಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಎಲ್ಲಿ ನೋವೆಂದು ಮುಟ್ಟಿ ನೋಡಿದರೆ ಒದೆಯುತ್ತವೆ. ಪಕ್ಕದಲ್ಲಿ ನಿಂತ ಯಜಮಾನ ಮಾತ್ರ ನಮ್ಮ ಮುಖವನ್ನೇ ನೋಡುತ್ತಿರುತ್ತಾನೆ. ಅಂಥ ಹೊತ್ತಿನಲ್ಲಿ ಏನಾದರೊಂದನ್ನು ಗಟ್ಟಿ ದನಿಯಲ್ಲಿ ಹೇಳಿಬಿಡಬೇಕು, ಹೇಳಿದ ಮೇಲೆ ಹಿಂದೆ ಸರಿಯಬಾರದು. ಸರ್ಕಾರದ ಕಾಗದದಲ್ಲಿ ನಾನು ಬರೀ ಜಾನುವಾರು ಇನ್ಸ್‌ಪೆಕ್ಟರ್. ಆದರೆ ಮುನವಳ್ಳಿಯ ಸುತ್ತಲಿನ ಜನ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಾರೆ, ನಾನೂ ಅವರನ್ನು ತಿದ್ದುವ ಗೋಜಿಗೆ ಹೋಗಿಲ್ಲ.

ನಿವೃತ್ತನಾದ ದಿನ ನಮ್ಮ ಮನೆಯಾಕೆ ನೀಲವ್ವನಿಗೆ ಒಂದು ಮಾತು ಕೊಟ್ಟಿದ್ದೆ, ಮನೆಗೊಂದು ಎಮ್ಮೆ ತರುತ್ತೇನೆಂದು. ಊರಿನ ಎಮ್ಮೆಗಳ ನಾಡಿಯನ್ನೆಲ್ಲ ಹಿಡಿದ ಮನುಷ್ಯನ ಮನೆಗೆ ಪ್ಯಾಕೆಟ್ ಹಾಲು ಬರುತ್ತದೆಂಬುದು ಆಕೆಗೆ ಬಹಳ ವರ್ಷಗಳ ನಾಚಿಕೆ. ನೆರೆಮನೆಯ ಹೆಂಗಸರು ಬೇಕೆಂದೇ ನಮ್ಮ ಬಾಗಿಲ ಮುಂದೆ ಗಿಣ್ಣದ ಬಟ್ಟಲು ಹಿಡಿದು ಓಡಾಡುತ್ತಾರೆಂದು ಆಕೆ ನಂಬಿದ್ದಳು. ಹಿತ್ತಲಿನಲ್ಲಿ ಕೊಟ್ಟಿಗೆ ಕಟ್ಟಿಸಿದಳು. ಮೇವು ಹಾಕುವ ಖಾಲಿ ಗ್ವಾದಲಿಗೆ ಮುಂಚಿತವಾಗಿಯೇ ಅರಿಷಿಣ ಕುಂಕುಮ ಹಚ್ಚಿದಳು. ಶಿವರಾತ್ರಿ ಕಳೆದ ವಾರ ಪಕ್ಕದೂರಿನ ಗೌಡರ ಮನೆಯಲ್ಲಿ ಒಳ್ಳೆಯದೊಂದು ಪಂಢರಪುರಿ ಎಮ್ಮೆ ಇದೆಯೆಂದು ಸುದ್ದಿ ಬಂತು. ಟ್ರ್ಯಾಕ್ಟರ್ ಟ್ರೇಲರ್ ಗೊತ್ತುಮಾಡಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟೆ.

ಎಮ್ಮೆ ನಿಜಕ್ಕೂ ಚೆನ್ನಾಗಿತ್ತು. ಕತ್ತಿಯ ಹಾಗೆ ಉದ್ದವಾದ ಕೋಡು, ಗಟ್ಟಿ ಕಾಲು, ಶಾಂತ ಕಣ್ಣು. ಅದರ ಬೆನ್ನು ತಡವಿ ಹಿಂದೆ ಸರಿದಾಗ ನನ್ನ ಮೊಣಕಾಲಿಗೆ ಒಣ ಜೋಳದ ಕಣಿಕೆಯ ರಾಶಿಯೊಳಗಿನ ಏನೋ ಬಡಿಯಿತು. ಕಣಿಕೆ ಸರಿಸಿದೆ. ಕೆಂಪು ಬಣ್ಣದ ಒಂದು ಮೂತಿ ಕಂಡಿತು. ಇನ್ನಷ್ಟು ಸರಿಸಿದೆ. ನನ್ನ ಸೊಂಟಕ್ಕೂ ಬರದಷ್ಟು ತಗ್ಗಾದ, ಎರಡೇ ಸೀಟಿನ, ಮಾಳಿಗೆಯಿಲ್ಲದ ಕಾರು! ಒಂದು ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. "ನಮ್ಮ ಕಾಕಾ ಗೋವಾದಾಗಿಂದ ತಂದಿದ್ರು. ಇಟ್ಲಿ ದೇಶದ್ದರಿ. ಓಡೂ ಗಾಡಿ ಅಲ್ರಿ ಅದು, ಹಾರೂ ಗಾಡಿ. ಕಾಕಾ ಹೋದಮ್ಯಾಲ ಯಾರೂ ಮುಟ್ಟಿಲ್ಲ," ಎಂದರು ಗೌಡರು. ನಾನು ಬಾನೆಟ್ ಎತ್ತಿದೆ. ಒಳಗೆ ಇಲಿಗಳು ವೈರುಗಳನ್ನೆಲ್ಲ ತಿಂದು ಸಂಸಾರ ಮಾಡಿಕೊಂಡಿದ್ದವು. ಆದರೆ ಎಂಜಿನ್ನಿಗೆ ನಾಲ್ಕು ಸಿಲಿಂಡರ್ ಇದ್ದವು. ದನಕ್ಕೂ ನಾಲ್ಕು ಹೊಟ್ಟೆ. ಮೂವತ್ತೈದು ವರ್ಷ ನಾಲ್ಕು ಹೊಟ್ಟೆಗಳ ಜೊತೆ ಗುದ್ದಾಡಿದ ನನಗೆ ಇದ್ಯಾವ ದೊಡ್ಡ ಮಾತು ಎನಿಸಿತು. ಅಲ್ಲಿಗೆ ನನ್ನ ಬುದ್ಧಿ ಕೈಕೊಟ್ಟಿತು. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ಸಂಕೋಚ, ಆದರೂ ಹೇಳುತ್ತೇನೆ: ನನ್ನ ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ.

ದನದ ವ್ಯಾಪಾರದ ಪದ್ಧತಿಯಂತೆ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ, ಬಾಯಲ್ಲಿ ಬೇರೆ ಮಾತಾಡುತ್ತ ವ್ಯವಹಾರ ಮುಗಿಸಿದೆವು. ಆಗ ಗೌಡರು ಗಂಟಲು ಸರಿಮಾಡಿಕೊಂಡರು. "ಡಾಕ್ಟರ, ಗಾಡಿ ಒಯ್ರಿ. ಆದ್ರ ನಮ್ಮ ಮನ್ಯಾಗ ಒಂದ ಪದ್ಧತಿ ಐತಿ. ದನಾ ಕೊಡತೇವಿ, ಹಗ್ಗಾ ಕೊಡೂದಿಲ್ಲ. ಹಗ್ಗಾ ಹೋತಂದ್ರ ಕೊಟಗಿ ಬರಿದಾಕ್ಕೈತಿ." ನನಗೆ ಗೊತ್ತಿಲ್ಲದ ಪದ್ಧತಿಯೇ ಇದು? ನೂರಾರು ದನಗಳ ಮಾರಾಟ ನೋಡಿದವನು ನಾನು. ಮಾರಿದವನು ಹಳೆಯ ಹಗ್ಗ ಬಿಚ್ಚಿಕೊಂಡು ತನ್ನ ಗೂಟಕ್ಕೆ ಹಾಕುತ್ತಾನೆ, ಕೊಂಡವನು ತಾನು ತಂದ ಹೊಸ ಹಗ್ಗ ಕಟ್ಟುತ್ತಾನೆ. "ನ್ಯಾಯ ಐತ್ರಿ ಗೌಡ್ರ," ಎಂದೆ. ಗೌಡರು ಕಾರಿನ ಸುತ್ತ ಒಂದು ಸುತ್ತು ಬಂದು, "ಆದ್ರ ಇದಕ್ಕ ಹಗ್ಗ ಅಂದ್ರ ಯಾವುದ್ರಿ?" ಎಂದು ಕೇಳಿದರು. ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. "ಎತ್ತಿನ್ನ ಯಾವುದು ಹಿಡದು ಹೊಳ್ಳಸ್ತೇವಿ? ಹಗ್ಗಾ ಹಿಡದು. ಗಾಡಿ ಯಾವುದು ಹಿಡದು ಹೊಳ್ಳಸ್ತೇವಿ? ಸ್ಟಿಯರಿಂಗ್ ಹಿಡದು. ಅದ ಹಗ್ಗ," ಎಂದು ಬಿಡಿಸಿ ಹೇಳಿದೆ. ನನ್ನ ಜ್ಞಾನಕ್ಕೆ ಗೌಡರು ತಲೆದೂಗಿದರು. ಬೋಲ್ಟ್ ಬಿಚ್ಚುವ ಪಾನಾ ತರಿಸಿ ಆ ಚೆಂದದ ಕಟ್ಟಿಗೆಯ ಸ್ಟಿಯರಿಂಗನ್ನು ಬಿಚ್ಚಿಸಿ, ಹಳೆಯ ಹಗ್ಗಗಳ ಪಕ್ಕದಲ್ಲಿ ಗೂಟಕ್ಕೆ ತೂಗುಹಾಕಿ, ಮೇಲೊಂದಿಷ್ಟು ವಿಭೂತಿ ಹಚ್ಚಿದರು.

ಮನೆಯ ಮುಂದೆ ನೀಲವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಎಮ್ಮೆಯ ಕಾಲಿಗೆ ಹಾಕಲು ತಂಬಿಗೆಯಲ್ಲಿ ನೀರು ಬೇರೆ. ಟ್ರೇಲರಿನಿಂದ ನಾಲ್ಕು ಜನ ಹಿಡಿದು ಇಳಿಸಿದ್ದನ್ನು ಆಕೆ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ನೋಡಿದಳು. ಸಿಟ್ಟು ಬಂದರೆ ಆಕೆಯ ದನಿ ತಗ್ಗುತ್ತದೆ, ಅದೇ ಭಯ. "ಏನ್ರಿ, ಇದು ಒಂದ ಹೊತ್ತಿಗೆ ಎಷ್ಟು ಲೀಟರ್ ಕೊಡತೈತಿ?" ಎಂದು ಮೆಲ್ಲಗೆ ಕೇಳಿದಳು. ಕೊಡುವುದಲ್ಲ, ಕುಡಿಯುವುದು ಎಂದು ಹೇಳುವ ಹೊತ್ತು ಅದಾಗಿರಲಿಲ್ಲ. ಕಾರು ಎಮ್ಮೆಯ ಕೊಟ್ಟಿಗೆ ಸೇರಿತು. ಅಂದಿನಿಂದ ನನ್ನ ಚಹಾಕ್ಕೆ ಹಾಲು ನಿಂತಿತು. ನಾಲ್ಕನೆಯ ದಿನ ಆಕೆ ತೀರ್ಪು ಕೊಟ್ಟಳು. "ಎಮ್ಮಿ ಗಬ್ಬ ಹತ್ತು ತಿಂಗಳು. ನಿಮ್ಮ ಗಾಡಿಗೂ ಹತ್ತು ತಿಂಗಳು ಕೊಟ್ಟೇನಿ. ಎಳ್ಳ ಅಮಾಸಿ ದಿನ ನನ್ನ ಕುಂದ್ರಿಸಿಕೊಂಡು, ಬುತ್ತಿ ಇಟಗೊಂಡು, ಉಗರಗೋಳದಾಗ ನಮ್ಮ ಅಣ್ಣನ ಹೊಲಕ್ಕ ಇದರಾಗ ಕರಕೊಂಡ ಹೋಗ್ರಿ. ಮುಟ್ಟಿದ್ರ ಕೊಟಗಿ ಗಾಡೀದು. ಮುಟ್ಟಲಿಲ್ಲಂದ್ರ ಗಾಡಿ ಹೊರಗ, ಎಮ್ಮಿ ಒಳಗ." ನಾನು ನಕ್ಕೆ. ಹತ್ತು ತಿಂಗಳೇಕೆ, ಎರಡು ಸಾಕು ಎಂದೆ. ಹಾಗೆಂದದ್ದನ್ನು ಆಕೆ ಇಂದಿಗೂ ನೆನಪಿಸುತ್ತಾಳೆ.

ಬೈಲಹೊಂಗಲದಿಂದ ಇಮಾಮಸಾಬ ಮಿಸ್ತ್ರಿಯನ್ನು ಕರೆಸಿದೆ. ನಲವತ್ತು ವರ್ಷ ಟ್ರ್ಯಾಕ್ಟರ್ ಬಿಟ್ಟು ಬೇರೇನನ್ನೂ ಬಿಚ್ಚದ ಮನುಷ್ಯ. ಕಾರನ್ನು ನೋಡಲು ನೆಲದ ಮೇಲೆ ಕೂತೇಬಿಟ್ಟ. "ಡಾಕ್ಟರ, ಇದಕ್ಕ ಬೆಳವಣಿಗಿನ ಆಗಿಲ್ಲಲ್ರಿ," ಎಂದ. ಆದರೆ ಕೈ ಬಂಗಾರದ್ದು. ತುಕ್ಕಿನಿಂದ ಹಿಡಿದುಹೋಗಿದ್ದ ಎಂಜಿನ್ನಿಗೆ ಪ್ಲಗ್ಗಿನ ತೂತುಗಳಿಂದ ಡೀಸೆಲ್ ಸುರಿದು ಎಂಟು ದಿನ ನೆನೆಯಲು ಬಿಟ್ಟ. ಜ್ವರ ಬಂದ ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹಾಕಿದ ಹಾಗೆ ದಿನಾಲು ನಾನೇ ಹಾಕುತ್ತಿದ್ದೆ. ಒಂಬತ್ತನೆಯ ದಿನ ಎಂಜಿನ್ ತಿರುಗಿತು. ಕಿತ್ತೂರಿನ ಹಳೇ ಕಬ್ಬಿಣದ ಅಂಗಡಿಯಲ್ಲಿ ಜೋಡಿಯಲ್ಲದ ಎರಡು ಹೆಡ್‌ಲೈಟ್ ಸಿಕ್ಕವು. ಹಾಗಾಗಿ ಕಾರಿಗೆ ಸ್ವಲ್ಪ ಮೆಳ್ಳಗಣ್ಣು. ರಾಮದುರ್ಗದ ಸೋಫಾ ಹೊಲಿಯುವವನು ಉಳಿದಿದ್ದ ಹಸಿರು ರೆಕ್ಸಿನ್ನಿನಲ್ಲಿ ಸೀಟು ಹೊಲಿದುಕೊಟ್ಟ. ಎಂಜಿನ್ನಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಎಲ್ಲೂ ಸಿಗದೆ ತಾಮ್ರದ ಹಾಳೆ ತಂದು, ಹಳೆಯದನ್ನು ಮೇಲಿಟ್ಟು, ಚಪ್ಪಲಿಯ ಅಳತೆ ತೆಗೆದಂತೆ ಗೆರೆ ಎಳೆದು ಕತ್ತರಿಸಿದೆವು.

ದೀಪಾವಳಿಯ ಹೊತ್ತಿಗೆ ಎಂಜಿನ್ ಶುರುವಾಯಿತು. ಆದರೆ ಒಳಗೆಲ್ಲೋ ಕಟಕಟ. ಮಿಸ್ತ್ರಿ ಬೇರಿಂಗ್ ಹೋಗಿದೆ, ಪೂರ್ತಿ ಇಳಿಸಬೇಕೆಂದ. ಇಳಿಸಿದರೆ ಎಳ್ಳ ಅಮಾವಾಸ್ಯೆ ಕೈಬಿಟ್ಟ ಹಾಗೆಯೇ. ನಾನು ಒಳಗೆ ಹೋಗಿ, ನಿವೃತ್ತಿಯಾದಾಗಿನಿಂದ ಮೊಳೆಗೆ ತೂಗುಹಾಕಿದ್ದ ಸ್ಟೆತೋಸ್ಕೋಪ್ ತಂದೆ. ಎಂಜಿನ್ನಿನ ಒಂದೊಂದೇ ಹೊಟ್ಟೆಯ ಮೇಲೆ ಇಟ್ಟು ಕಣ್ಣು ಮುಚ್ಚಿ ಕೇಳಿದೆ. ಮೂರನೆಯದರ ತಲೆಯ ಮೇಲೆ ಸದ್ದು ಸ್ಪಷ್ಟವಾಗಿತ್ತು. "ಮಿಸ್ತ್ರಿ, ಬ್ಯಾನಿ ಹೊಟ್ಟ್ಯಾಗಿಲ್ಲ, ತಲ್ಯಾಗ ಐತಿ. ವಾಲ್ವ್ ಸಡಿಲ ಆಗೇತಿ," ಎಂದೆ. ಅವನು ನಂಬದೆಯೇ ಬಿಗಿದ. ಕಟಕಟ ನಿಂತಿತು! ಇಮಾಮಸಾಬ ಎರಡೂ ಕೈ ಎತ್ತಿ ಸಲಾಮು ಮಾಡಿದ. ಅಡುಗೆಮನೆಯ ಕಿಟಕಿಯಿಂದ ನೀಲವ್ವ ನೋಡುತ್ತಿದ್ದಳು. ಅಂದು ಚಹಾದಲ್ಲಿ ಹಾಲು ಇತ್ತು.

ಉಳಿದದ್ದು ಸ್ಟಿಯರಿಂಗ್. ಮೂರು ಸಲ ಗೌಡರ ಮನೆಗೆ ಹೋಗಿ ಬಂದೆ. ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ಸ್ಟಿಯರಿಂಗ್ ಮಾತ್ರ ಕೊಡಲಿಲ್ಲ. "ನೀವ ಹೇಳೀರಿ, ಅದು ಹಗ್ಗ ಅಂತ. ಹಗ್ಗಾ ಕೊಡಾಕ ಬರತೈತೇನ್ರಿ?" ಎಂದರು. ನನ್ನ ಮಾತನ್ನು ನನಗೇ ತಿರುಗಿ ಹೇಳುವವರ ಎದುರು ವಾದ ಮಾಡುವುದು ಕಷ್ಟ. ಕೊನೆಗೆ ಮಿಸ್ತ್ರಿ ಹಳೇ ಟ್ರ್ಯಾಕ್ಟರಿನದೊಂದನ್ನು ತಂದು, ನಡುವೆ ಕಬ್ಬಿಣದ ತುಂಡು ಬೆಸೆದು ಕೂರಿಸಿದ. ಅದು ನೀಲವ್ವನ ರೊಟ್ಟಿ ಹಂಚಿನ ಎರಡರಷ್ಟಿತ್ತು. ಒಳಗೆ ಕೂತರೆ ಕೆಳಗಿನ ಅಂಚು ಹೊಟ್ಟೆಗೆ, ಮೇಲಿನ ಅಂಚು ಮೂಗಿಗೆ. "ಡಾಕ್ಟರ, ಆರಪಾರ ಒಂದ ಬೋಲ್ಟ್ ಹಾಕಿಬಿಡೂಣ್ರಿ, ನಾಳೆ ಬರತೇನಿ," ಎಂದ ಇಮಾಮಸಾಬ. ನಾಳೆಯೇ ಎಳ್ಳ ಅಮಾವಾಸ್ಯೆ. ನಾನು ಅಲುಗಾಡಿಸಿ ನೋಡಿ, "ಏನ ಬ್ಯಾಡ ಬಿಡೋ, ಬಿಗಿ ಐತಿ," ಎಂದೆ.

ಅಮಾವಾಸ್ಯೆಯ ಮುಂಜಾನೆ ನೀಲವ್ವ ಇಳಕಲ್ ಸೀರೆ ಉಟ್ಟು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಬುಟ್ಟಿ ತುಂಬ ಬುತ್ತಿ ಕಟ್ಟಿಕೊಂಡು ಬಂದು ಕೂತಳು. ಇಟಲಿಯ ಕಾರಾದ್ದರಿಂದ ಸ್ಟಿಯರಿಂಗ್ ಎಡಕ್ಕೆ, ಆಕೆ ಬಲಕ್ಕೆ. ಇದರ ಪರಿಣಾಮ ನನಗೆ ಹೊಳೆದದ್ದು ರಸ್ತೆಗೆ ಬಂದ ಮೇಲೆ. ಹಬ್ಬದ ಊಟಕ್ಕೆ ಹೊಲಕ್ಕೆ ಹೊರಟಿದ್ದ ಬಂಡಿಗಳ ಜನರೆಲ್ಲ ಬಲಗಡೆ ಕೂತವಳೇ ಗಾಡಿ ಓಡಿಸುತ್ತಿದ್ದಾಳೆಂದು ತಿಳಿದರು. "ಏ, ನೋಡ್ರಲೇ, ಡಾಕ್ಟರ ಮನಿಯಕ್ಕ ಬುಟ್ಟಿ ಹಿಡಕೊಂಡ ಗಾಡಿ ಹೊಡ್ಯಾಕತ್ತಾಳ!" ಎಂದು ಕೂಗಿದರು. ನೀಲವ್ವ ಮೊದಲು ಸೆರಗು ಎಳೆದುಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿದಳು. ಆಮೇಲೆ, ನಾನು ಕಣ್ಣಾರೆ ಕಂಡೆ, ಒಂದು ಕೈ ಎತ್ತಿ ಜನಕ್ಕೆ ನಮಸ್ಕಾರ ಮಾಡಿದಳು. "ಇನ್ನಷ್ಟು ಜೋರ ಹೊಡೀರಲ್ಲ," ಎಂದಳು. ನನ್ನ ಜೀವನದಲ್ಲಿ ಅಷ್ಟು ಸುಖದ ಹೊತ್ತು ಕಡಿಮೆ. ಕೊಟ್ಟಿಗೆ ಗೆದ್ದೆ ಎಂದುಕೊಂಡು ಜೋರು ಮಾಡಿದೆ.

ಮುಂದೆ ತಿರುವು. ನಾನು ಎಡಕ್ಕೆ ತಿರುಗಿಸಿದೆ, ಸ್ಟಿಯರಿಂಗ್ ತಿರುಗಿತು. ಕಾರು ತಿರುಗಲಿಲ್ಲ. ಗಾಬರಿಯಲ್ಲಿ ನನ್ನ ಕಡೆ ಎಳೆದೆ, ಅದು ಅನಾಯಾಸವಾಗಿ ನನ್ನ ಮಡಿಲಿಗೆ ಬಂತು. ಕಾರು ನನ್ನ ಅಪ್ಪಣೆಗೆ ಕಾಯದೆ ರಸ್ತೆ ಬಿಟ್ಟು, ಒಂದು ಬದು ಹಾರಿ, ಕಡಲೆಯ ಹೊಲದೊಳಗೆ ಹೊಕ್ಕು, ಎರೆಮಣ್ಣಿನಲ್ಲಿ ಮೂತಿ ಹುಗಿದು, ಬನ್ನಿಗಿಡದ ಕೆಳಗೆ ಊಟಕ್ಕೆ ಕುಳಿತ ಜನರಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ನೀಲವ್ವನ ಬುಟ್ಟಿಯಿಂದ ಒಂದು ಹೋಳಿಗೆಯೂ ಬಿದ್ದಿರಲಿಲ್ಲ. ಎಂಜಿನ್ ಇನ್ನೂ ಓಡುತ್ತಿತ್ತು, ಅದನ್ನು ದಯವಿಟ್ಟು ಗಮನಿಸಬೇಕು. ನಾನು ದೊಡ್ಡ ಸ್ಟಿಯರಿಂಗನ್ನು ಎದೆಗವಚಿಕೊಂಡು ತಲೆ ಎತ್ತಿದೆ. ಕೈಯಲ್ಲಿ ತುತ್ತು ಹಿಡಿದು ನಮ್ಮನ್ನೇ ನೋಡುತ್ತಿದ್ದವರು ಗೌಡರು. ಹೊಲ ಅವರದೇ.

ಗೌಡರು ಎದ್ದು ಬಂದರು. ಅವರಿಗೆ ಸಿಟ್ಟಿರಲಿಲ್ಲ, ಕಣ್ಣಲ್ಲಿ ನೀರಿತ್ತು. ಕಾರಿನ ಮೂತಿಯ ಮಣ್ಣು ಒರೆಸಿದರು. "ಬಂತ ನೋಡ್ರಿ! ನಮ್ಮ ದನಾ ತಾನ ಹುಡಿಕ್ಕೊಂಡ ಬಂತ! ಹಗ್ಗಾ ನಮ್ಮ ಮನ್ಯಾಗ ಇದ್ರ ಎಲ್ಲಿ ಹೊಕ್ಕೈತ್ರಿ ಅದು?" ಎಂದರು. ಮಾರಿದ ಎತ್ತು ಹಗ್ಗ ಹರಿದುಕೊಂಡು ಹಳೆಯ ಮನೆಗೆ ವಾಪಸು ಬರುವುದನ್ನು ನಾನೂ ಬಹಳ ಸಲ ನೋಡಿದ್ದೇನೆ. ಆದರೆ ಇದಕ್ಕೆ ಕಾರಣ ಹಾಕದೆ ಬಿಟ್ಟ ಬೋಲ್ಟ್ ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ನೀಲವ್ವ ಇಳಿದು, ಸೀರೆ ಕೊಡವಿಕೊಂಡು, ತಗ್ಗಿದ ದನಿಯಲ್ಲಿ ಮಾತಾಡಿದಳು. "ಗೌಡ್ರ, ತಾನ ಬಂದದ್ದನ್ನ ಹೊಡದ ಕಳಸಬಾರದು, ಇಟ್ಕೋರಿ. ಅವತ್ತ ಇವ್ರು ನೋಡಾಕ ಬಂದಿದ್ರಲ್ಲ, ಆ ಎಮ್ಮಿ ಐತೇನ್ರಿ?" "ಐತಿ ತಂಗಿ. ಕರಾ ಹಾಕಿ ತಿಂಗಳಾತು." "ಅದನ್ನ ಕೊಡ್ರಿ." ಗೌಡರು ಕಾರಿನ ಮೇಲಿನ ಕೈ ತೆಗೆಯದೆಯೇ ಹೂಂ ಎಂದರು. ಟವೆಲೂ ಇಲ್ಲ, ಬೆರಳೂ ಇಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ. ಹತ್ತು ತಿಂಗಳು ನಾನು ಔಷಧಿ ಕುಡಿಸಿ, ಎದೆ ಬಡಿತ ಕೇಳಿ ಬದುಕಿಸಿದ ಜೀವ ಅದು. ಆದರೂ ಪದ್ಧತಿ ಬಿಡಬಾರದಲ್ಲ. "ಗೌಡ್ರ, ಗಾಡಿ ಕೊಟ್ಟೇನಿ, ಹಗ್ಗಾ ಕೊಡೂದಿಲ್ಲ," ಎಂದು ಟ್ರ್ಯಾಕ್ಟರಿನ ಸ್ಟಿಯರಿಂಗ್ ಬಗಲಲ್ಲಿಟ್ಟುಕೊಂಡೆ. ಗೌಡರು, "ಖರೇ ಐತ್ರಿ," ಎಂದು ಕೈ ಮುಗಿದರು. ಆಮೇಲೆ ಎಲ್ಲರೂ ಕೂತು ನಮ್ಮ ಬುತ್ತಿಯನ್ನೂ ಬಿಚ್ಚಿ ಉಂಡೆವು.

ಈಗ ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆ ಇದೆ. ಚಹಾ ದಪ್ಪಗಿದೆ. ನೆರೆಮನೆಗೆ ಗಿಣ್ಣ ಕಳಿಸುವ ದಿನಕ್ಕಾಗಿ ನೀಲವ್ವ ಮುಂದಿನ ಸೂಲನ್ನು ಈಗಲೇ ಲೆಕ್ಕ ಹಾಕುತ್ತಿದ್ದಾಳೆ. ಗೌಡರ ಮನೆಯಲ್ಲಿ ಕಾರಿಗೆ ಅದರ ಕಟ್ಟಿಗೆಯ ಸ್ಟಿಯರಿಂಗ್ ವಾಪಸು ಬಂತು; ಮಿಸ್ತ್ರಿ ಈ ಸಲ ಯಾರನ್ನೂ ಕೇಳದೆ ಬೋಲ್ಟ್ ಬಿಗಿದ. ಒಂದೇ ಕೊರತೆ. ಗೌಡರಿಗೆ ಕಾರು ಓಡಿಸಲು ಬರುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಫೋನ್ ಬರುತ್ತದೆ: "ಡಾಕ್ಟರ, ಗಾಡಿ ಯಾಕೋ ಮಬ್ಬಾಗೇತಿ, ಸ್ವಲ್ಪ ತಿರುಗಾಡಿಸಿ ಹೋಗ್ರಲ್ಲ." ರೋಗಿ ಕರೆದರೆ ಹೋಗದಿರುವುದು ನನ್ನ ವೃತ್ತಿಧರ್ಮವಲ್ಲ. ಮೊನ್ನೆ ಫೋನೂ ಬಂದಿರಲಿಲ್ಲ. ಸಂಜೆ ಅಡ್ಡಾಡಲು ಕೆರೆಯ ಕಡೆಗೆ ಹೋಗುತ್ತೇನೆಂದು ಹೇಳಿ, ಸ್ಟೆತೋಸ್ಕೋಪನ್ನು ಕಿಸೆಯಲ್ಲಿ ತುರುಕಿಕೊಂಡು ಹೊರಟೆ. ನಮ್ಮ ಬಾಗಿಲಿನಿಂದ ಕೆರೆ ಬಲಕ್ಕೆ, ಗೌಡರ ಊರು ಎಡಕ್ಕೆ. ಕಾಲುಗಳು ತಾವಾಗಿಯೇ ಎಡಕ್ಕೆ ಹೊರಳಿದವು. ಅಂಗಳದಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದ ನೀಲವ್ವ ತಲೆ ಎತ್ತಿದಳು.

"ಏನ್ರಿ," ಎಂದಳು ಮೆಲ್ಲಗೆ, "ನಿಮ್ಮ ಹಗ್ಗಾನೂ ಗೌಡರ ಗೂಟಕ್ಕ ಐತೇನು?"