ಮಗ್ಗ ಸಮೇತ ಬಾಡಿಗೆ ಮನೆ

ಸರ್ಕಾರಿ ಆಸ್ಪತ್ರೆಯ ನರ್ಸ್ ಅಂದಮೇಲೆ ವರ್ಗ ತಪ್ಪಿದ್ದಲ್ಲ, ವರ್ಗ ಅಂದಮೇಲೆ ಬಾಡಿಗೆ ಮನೆ ತಪ್ಪಿದ್ದಲ್ಲ, ಬಾಡಿಗೆ ಮನೆ ಅಂದಮೇಲೆ ಓನರ್ ಜೊತೆ ಏನಾದರೊಂದು ನಡೆಯದ ವರ್ಷವೇ ಇಲ್ಲ. ನಮ್ಮ ಯಜಮಾನರು ಲಾರಿ ಓಡಿಸುತ್ತಿದ್ದರು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಓನರುಗಳ ಉಸಾಬರಿ ಪೂರ್ತಿ ನನ್ನದೇ. ನಾನು ಬಯಸಿದ್ದು ದೊಡ್ಡದೇನಲ್ಲ. ಮಗಳು ಒಂಬತ್ತನೇ ಕ್ಲಾಸಿಗೆ ಬಂದಿದ್ದಳು. ಅವಳ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಯುವವರೆಗೆ, ಯಾರೂ ಎಬ್ಬಿಸದ ಒಂದು ಓದುವ ಮೂಲೆ ಸಿಕ್ಕಿದ್ದರೆ ಸಾಕಾಗಿತ್ತು.

೧. ಸಂದರ್ಶನ

ಚಳ್ಳಕೆರೆಯಲ್ಲಿ ನಮಗೆ ಮನೆ ತೋರಿಸಿದವರು ಶೇಂಗಾ ವ್ಯಾಪಾರದ ಸಾಹುಕಾರರು. ತೋರಿಸಿದ್ದು ಅವರು, ಪ್ರಶ್ನೆ ಕೇಳಿದ್ದು ಜಗಲಿ ಮೇಲೆ ಕಾಲು ಚಾಚಿ ಕೂತಿದ್ದ ಅವರ ಅವ್ವ.

"ಮನೇಗೆ ಎಷ್ಟು ಜನ?"

"ನಾನು, ಮಗಳು. ಯಜಮಾನರು ಬಂದಾಗ ಮೂರು."

"ನೆಂಟರು ಜಾಸ್ತಿನಾ? ದಿನಕ್ಕೆ ಎಷ್ಟು ಕೊಡ ನೀರು? ಗೋಡೆಗೆ ಮೊಳೆ ಹೊಡಿಯಂಗಿಲ್ಲ. ಹೊತ್ತು ಮುಳುಗಿದ ಮೇಲೆ ಒರಳು ತಿರುಗಿಸಂಗಿಲ್ಲ. ಅಂಗಳದಾಗೆ ಬಟ್ಟೆ ಒಣಗಾಕಂಗಿಲ್ಲ."

ಇನ್ನು ಉಸಿರಾಡುವುದಕ್ಕೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅವಕಾಶ ಅಂತ ಕೇಳಬೇಕು ಅನ್ನುವಷ್ಟರಲ್ಲಿ ಅಜ್ಜಿ, "ನೀನು ಏನ್ ಕೆಲಸ ಮಾಡ್ತೀಯಾ?" ಅಂದರು.

"ನರ್ಸ್, ಅಜ್ಜಿ."

ಅಜ್ಜಿ ಕಾಲು ಮಡಚಿ ನೆಟ್ಟಗೆ ಕೂತರು. "ನೋವಾಗ್ದಂಗೆ ಸೂಜಿ ಹಾಕ್ತೀಯಾ?"

"ಹಾಕ್ತೀನಿ."

"ಲೇ, ನರ್ಸಮ್ಮಂಗೆ ಬೀಗದ ಕೈ ಕೊಡೋ. ಬೇಕಾದ್ರೆ ಮೊಳೆನೂ ಹೊಡ್ಕಳ್ಳಿ!"

೨. ಎರಡೇ ಚೀಲ

ಒಂದು ದಿನ ಸಾಹುಕಾರರು ಬಂದು, "ನರ್ಸಮ್ನೋರೇ, ಎರಡೇ ಎರಡು ಚೀಲ ಶೇಂಗಾ. ರೇಟು ಏರೋವರೆಗೆ ನಿಮ್ಮ ಒಳಗಿನ ಕೋಣೇಲಿ ಇಟ್ಕಂತೀನಿ" ಅಂದರು. ಪಾಪ ಅಂತ ಒಪ್ಪಿದೆ. ಡ್ಯೂಟಿ ಮುಗಿಸಿ ಬಂದು ನೋಡಿದರೆ ಚೀಲಗಳು ಸೂರಿನ ತನಕ ಏರಿದ್ದವು. ಆ ಕೋಣೆಯೇ ಮಗಳ ಓದುವ ಮೂಲೆ. ಅವಳು ಚೀಲಗಳ ತುದಿಯಲ್ಲಿ, ತಲೆಯನ್ನು ಸೂರಿಗೆ ತಾಗಿಸಿಕೊಂಡು ಭೂಗೋಳ ಓದುತ್ತಿದ್ದಳು.

ಮರುದಿನದಿಂದ ದಲಾಲಿಗಳು ಬರತೊಡಗಿದರು. ಚೀಲಕ್ಕೆ ಕೈ ಹಾಕುವುದು, ಕಾಯಿ ಒಡೆದು ಬಾಯಿಗೆ ಎಸೆದುಕೊಳ್ಳುವುದು, ಸಿಪ್ಪೆಯನ್ನು ನನ್ನ ನೆಲದ ಮೇಲೆ ಬಿಟ್ಟು ಹೋಗುವುದು. ನನಗೆ ಮೈಯೆಲ್ಲಾ ಉರಿಯಿತು. ಇಂಜೆಕ್ಷನ್ನಿಗೆ ಬಂದಿದ್ದ ವಕೀಲರೊಬ್ಬರನ್ನು ಸೂಜಿ ಹಿಡಿದುಕೊಂಡೇ ಕೇಳಿದೆ. ಅವರು ಸೂಜಿಯನ್ನೇ ನೋಡುತ್ತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು: "ಬಾಡಿಗೆಗೆ ಕೊಟ್ಟ ಮೇಲೆ ಕೋಣೆ ನಿಮ್ಮ ಸುಪರ್ದು. ನಿಮ್ಮನ್ನ ಕೇಳದೆ ಒಳಗೆ ಬರಂಗಿಲ್ಲ. ಬಿಡಿಸಬೇಕಂದ್ರೆ ಬರವಣಿಗೆಯಲ್ಲಿ ನೋಟೀಸ್ ಕೊಡಬೇಕು. ನೀರು, ಕರೆಂಟು ಕಡಿಯಂಗಿಲ್ಲ. ಮೆಲ್ಲಗೆ ಹಾಕಿ ಸಿಸ್ಟರ್."

ಆ ಸಂಜೆಯೇ ಕೋಣೆಗೆ ನನ್ನ ಬೀಗ ಬಿತ್ತು. ರೇಟು ಏರಿದ ದಿನ ಸಾಹುಕಾರರು ಓಡಿ ಬಂದರು. "ಕೀ ಮಗಳ ಹತ್ರ ಐತೆ" ಅಂದೆ. ಅವರು ಸ್ಕೂಲಿನ ಗೇಟಿನಲ್ಲಿ ಹೋಗಿ ನಿಂತರು. ಮಗಳು, "ಎಲ್ಲಾ ಚೀಲನೂ ಒಯ್ಯೋದಾದ್ರೆ ಕೊಡ್ತೀನಿ" ಅಂದಳಂತೆ. ಸಂಜೆಯೊಳಗೆ ಕೋಣೆ ಖಾಲಿ. ಚೀಲದ ಜೊತೆ ಬಂದಿದ್ದ ಇಲಿಗಳು ಮಾತ್ರ ಕದಲಲಿಲ್ಲ. ಅವಕ್ಕೂ ನೋಟೀಸು ಬೇಕಿತ್ತೇನೋ.

೩. ಫ್ಯೂಸು, ಆಮೇಲೆ ನೋಟೀಸು

ಚೀಲದ ಸಿಟ್ಟಿಗೆ ಸಾಹುಕಾರರು "ಮನೆ ಖಾಲಿ ಮಾಡ್ರಿ" ಅಂದರು. ನಾನು "ಬಾಯಿಮಾತಲ್ಲಿ ಆಗಲ್ಲ" ಅಂದೆ. ಮರುದಿನ ಬೆಳಿಗ್ಗೆ ನಮ್ಮ ಮೀಟರಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಜಗಲಿಯ ಮೇಲೆ ಜಂಬವಾಗಿ ಕೂತರು. ಐದು ನಿಮಿಷ ಆಗಿರಲಿಲ್ಲ, ಅವರ ಬಚ್ಚಲಿನಿಂದ ಅಜ್ಜಿಯ ಕೂಗು: "ಲೇ, ಮೈತುಂಬ ಸೋಪು ಹಚ್ಕಂಡೀನಿ, ನೀರು ನಿಂತ್ವಲ್ಲೋ!"

ಅವರ ಬೋರಿನ ಮೋಟಾರಿಗೆ ಕದ್ದು ವೈರು ಎಳೆದಿದ್ದೇ ನಮ್ಮ ಮೀಟರಿನಿಂದ ಅಂತ ಆಗ ಗೊತ್ತಾಯಿತು. ಅಜ್ಜಿ ಸೀರೆ ಸುತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಫ್ಯೂಸು ಅದರ ಜಾಗಕ್ಕೆ ವಾಪಸ್ಸು ಬಂದಿತ್ತು.

ವಾರದ ಮೇಲೆ ಬಿಳಿ ಹಾಳೆ ಹಿಡಿದು ಬಂದರು. "ನೋಟೀಸ್ ಕೊಡ್ಬೇಕಂತಲ್ಲ? ಬರಿಯೋಕೆ ಕೂತ್ರೆ ಕೈ ಓಡಲ್ಲ. ನಿಮ್ಮ ಅಕ್ಷರ ಚಲೋ ಐತೆ. ನೀವೇ ಬರ್ದುಬಿಡ್ರಿ, ಸೈನ್ ಹಾಕ್ತೀನಿ."

ಬರೆದೆ. "ಮಗಳ ಪರೀಕ್ಷೆ ಮುಗಿದು, ಬೇಸಿಗೆ ರಜೆ ಕಳೆದು, ಮಳೆ ಚೆನ್ನಾಗಿ ಹಿಡಿದ ಮೇಲೆ ಮನೆಯನ್ನು ಖಾಲಿ ಮಾಡತಕ್ಕದ್ದು." ಚಳ್ಳಕೆರೆಯಲ್ಲಿ ಮಳೆ ಚೆನ್ನಾಗಿ ಹಿಡಿಯುವುದು ಯಾವಾಗ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ಸಲ ಓದಿ, ಸೈನ್ ಹಾಕಿ, ಸಮಾಧಾನದಿಂದ ಅಂದರು: "ನಿಮಗೆ ಇಷ್ಟು ಖಡಕ್ಕಾಗಿ ಬರಿಯೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ನೋಡ್ರಿ."

೪. ಹಾಸು ಮುಗಿಯುವವರೆಗೆ

ಆ ಬೇಸಿಗೆಯಲ್ಲೇ ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಅಲ್ಲಿ ಸಿಕ್ಕ ಮನೆ ರೇಷ್ಮೆ ಸೀರೆ ನೇಯುವ ಅಣ್ಣತಮ್ಮಂದಿರದು. ಬಾಡಿಗೆಗೆ ಕೊಟ್ಟವನು ತಮ್ಮ. ಪಡಸಾಲೆಯಲ್ಲಿ ಗುಣಿಮಗ್ಗ, ಅಂದರೆ ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ, ಹಾಗೇ ಇತ್ತು. "ಅಮ್ಮಾ, ಏರಿಸಿದ ಹಾಸನ್ನ ನಡುವೆ ಕತ್ತರಿಸಂಗಿಲ್ಲ. ಮುಗೀತಿದ್ದಂಗೇ ಮಗ್ಗ ಎತ್ತಿಬಿಡ್ತೀನಿ" ಅಂದ. ಹಾಸು ಅಂದರೆ ಒಂದು ಸೀರೆ ಅಂದುಕೊಂಡು ತಲೆಯಾಡಿಸಿದೆ. ಅದು ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು, ಅದರಲ್ಲಿ ಮೂರು ಸೀರೆ ಇರುತ್ತವೆ, ಅದೂ ಇವನು ರೇಷ್ಮೆ ಸಿಕ್ಕಾಗಷ್ಟೇ ನೇಯುವವನು ಅಂತ ಆಮೇಲೆ ತಿಳಿಯಿತು.

ಹೀಗೆ ಮನೆ ಓನರು ದಿನಾ ಬೆಳಿಗ್ಗೆ ನನ್ನ ಮನೆಗೇ ಕೆಲಸಕ್ಕೆ ಬರತೊಡಗಿದ. ಮಗಳ ಮೂಲೆ ಮಗ್ಗದ ಪಕ್ಕದಲ್ಲಿತ್ತು. ಲಾಳಿಯ ಲಯಕ್ಕೆ ಅವಳು ಗಟ್ಟಿಯಾಗಿ ಓದುತ್ತಿದ್ದಳು. "ಅಮ್ಮಾಯಿ, ನಿನ್ನೆ ರಕ್ತ ಹೃದಯದ ತನಕ ಬಂದಿತ್ತು, ಮುಂದೆ ಎಲ್ಲಿಗೆ ಹೋಯ್ತು?" ಅಂತ ಅವನೇ ಕೇಳುತ್ತಿದ್ದ.

ಸಂಕ್ರಾಂತಿ ಆದಮೇಲೆ ಅಣ್ಣ ಬಂದ. "ಮಗನ ಮದುವೆ ಗೊತ್ತಾಗೈತೆ. ಹೊಸ ಜೋಡಿ ಇಲ್ಲೇ ಇರ್ಬೇಕು. ಮದುವೆಗೆ ಮುಂಚೆ ಖಾಲಿ ಮಾಡ್ರಮ್ಮಾ. ನೋಟೀಸೂ ಕೊಡ್ತೀನಿ."

ಪರೀಕ್ಷೆಗೆ ಇನ್ನೆರಡೇ ತಿಂಗಳು. ಈತ ತನ್ನ ನೋಟೀಸು ತಾನೇ ಬರೆಯುವವನು, ಚಳ್ಳಕೆರೆಯ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ. ಮಗಳು ಓದು ನಿಲ್ಲಿಸಿ ನನ್ನ ಮುಖ ನೋಡಿದಳು.

ಗುಣಿಯಲ್ಲಿದ್ದ ತಮ್ಮ ತಲೆಯೆತ್ತದೆ, "ಅಣ್ಣಾ, ಸೊಸೆಗೆ ಉಡಿಸೋ ಸೀರೆ?" ಅಂದ.

"ಇದೇ ಹಾಸಿನ ಕಡೇದು."

"ಅದಕ್ಕಿನ್ನೂ ಕೈ ಹಾಕಿಲ್ಲ."

"ಬೇಗ ನೇಯಿ ಮತ್ತೆ."

"ನೇಯ್ತೀನಿ."

ನೇಕಾರರ ಮನೆಯವರು ಸೊಸೆಗೆ ಅಂಗಡಿ ಸೀರೆ ಉಡಿಸಿದರೆ ಕೇರಿಯಲ್ಲಿ ತಲೆ ಎತ್ತುವಂತಿಲ್ಲ. ಸೀರೆ ಆಗದೆ ಮದುವೆ ಇಲ್ಲ. ಆ ಬೀದಿಗೇ ಚುರುಕು ಕೈ ಅನ್ನಿಸಿಕೊಂಡಿದ್ದವನು ಅಂದಿನಿಂದ ದಿನಕ್ಕೆ ನಾಲ್ಕು ಬೆರಳಗಲ ನೇಯತೊಡಗಿದ. ಒಂದು ದಿನ ಎಳೆ ಹರಿಯಿತು, ಒಂದು ದಿನ ಕಣ್ಣು ಮಂಜಾಯಿತು. ಕೊನೆಗೆ, "ನರ್ಸಮ್ಮಾ, ಭುಜ ನೋಯ್ತಾ ಐತೆ. ಕಾಣಂಗೆ ಒಂದು ಪಟ್ಟಿ ಕಟ್ರಿ" ಅಂದ. ಗಟ್ಟಿಮುಟ್ಟಾದ ಭುಜಕ್ಕೆ ಪಟ್ಟಿ ಕಟ್ಟಿದೆ. ನನ್ನ ಸರ್ವೀಸಿನಲ್ಲಿ ಮಾಡಿದ ಒಂದೇ ಸುಳ್ಳು ಚಿಕಿತ್ಸೆ ಅದು. ಮಾಘದ ಲಗ್ನ ಫಾಲ್ಗುಣಕ್ಕೆ ಹೋಯಿತು, ಫಾಲ್ಗುಣದ್ದು ಯುಗಾದಿಯಾಚೆಗೆ.

ಮಗಳು ಕೊನೆಯ ಪರೀಕ್ಷೆ ಬರೆದು ಬಂದ ದಿನ ಲಾಳಿ ಹಾರತೊಡಗಿತು. ನಾಲ್ಕೇ ದಿನಕ್ಕೆ ಸೀರೆ ಮುಗಿಯಿತು.

ಅಣ್ಣ ಬಂದು ಸೀರೆ ಹರವಿದ. ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದ. ತಮ್ಮನ ಭುಜದ ಪಟ್ಟಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಸೂರು ನೋಡಿದೆ.

"ಮಗ್ಗದ ಗುಣಿಯಾಗೇ ಬೆಳೆದೋನು ನಾನು. ಭುಜ ನೋವಿರೋನು ಹಿಂಗೆ ನೇಯ್ತಾನಾ?" ಅಂದವನು ಮಗಳ ಕಡೆ ತಿರುಗಿದ. "ಅಮ್ಮಾಯಿ, ಪರೀಕ್ಷೆ ಹೆಂಗೆ ಬರೆದೆ?"

"ಚೆನ್ನಾಗಿ ಬರೆದೀನಿ ದೊಡ್ಡಪ್ಪಾ."

"ಇನ್ನು ಓದೋದು ಮುಗೀತಲ್ಲ?"

"ಇಲ್ಲ, ಪಿಯುಸಿ ಎರಡು ವರ್ಷ."

ಅಣ್ಣ ಗಾಬರಿಯಾಗಿ ಸೀರೆ ಮಡಚಿ ಕಂಕುಳಿಗೆ ಇರುಕಿಕೊಂಡ. "ನರ್ಸಮ್ಮಾ, ನಮ್ಮನೆ ಹಿಂದಿನ ಭಾಗ ಖಾಲಿ ಐತೆ, ಇವತ್ತೇ ಬಂದುಬಿಡ್ರಿ. ಎಷ್ಟು ವರ್ಷ ಬೇಕಾದ್ರೂ ಓದಿಸ್ರಿ. ಅಲ್ಲಿ ಮಗ್ಗ ಇಲ್ಲ. ಇಲ್ಲೇ ಇದ್ರೆ ನನ್ನ ಮೊಮ್ಮಗನ ನಾಮಕರಣನೂ ಮುಂದಕ್ಕೆ ಹೋಗ್ತದೆ!"